ಬೆನ್ನು ಬರೆಯುವವಳು

ಇಪ್ಪತ್ತಾರು ವರ್ಷ ನಾನು ಪುಸ್ತಕದ ಬಸ್ಸು ಓಡಿಸಿದೆ. ಕ್ರಾನ್ ಪಟ್ಟಣದಿಂದ ಹೊರಟು ಬೆಟ್ಟದ ಮೇಲಿನ ಊರುಗಳಿಗೆ ಹೋಗುವ ಸಂಚಾರಿ ಗ್ರಂಥಾಲಯ ಅದು. ಡ್ರೈವರೂ ನಾನೇ, ಪುಸ್ತಕ ಕೊಡುವವಳೂ ನಾನೇ, ಹಿಮ ಬಿದ್ದಾಗ ಚಕ್ರಕ್ಕೆ ಸರಪಳಿ ಕಟ್ಟುವವಳೂ ನಾನೇ. ಒಂದೊಂದು ಊರಿಗೂ ಹದಿನೈದು ದಿನಕ್ಕೊಮ್ಮೆ, ಮುಕ್ಕಾಲು ಗಂಟೆ. ಬಾಗಿಲ ಒಳಗೆ ಬಲಗಡೆ ಒಂದು ಹಲಗೆ ಇತ್ತು. ಯಾರು ಏನು ಬೇಕಾದರೂ ಅಲ್ಲಿ ಅಂಟಿಸಬಹುದಾಗಿತ್ತು. ಕರು ಮಾರಾಟಕ್ಕಿದೆ, ಒಣಗಿದ ಸೌದೆ ಸಿಗುತ್ತದೆ, ಬೆಕ್ಕಿನ ಮರಿ ಪುಕ್ಕಟೆ.

ಸ್ಲಾವ್ಕಾ ಯೆರಾಲಾ ಆ ಹಲಗೆಯನ್ನು ಹುಡುಕಿಕೊಂಡೇ ಬಂದಳು. ಮಾರ್ಚ್ ತಿಂಗಳು, ನಾನು ಗ್ರಂಥಾಲಯದ ಹಿಂದಿನ ಅಂಗಳದಲ್ಲಿ ಬಸ್ಸಿಗೆ ಪುಸ್ತಕ ತುಂಬುತ್ತಿದ್ದೆ. ಎತ್ತರದ ಹೆಂಗಸು, ಬೂದು ಕೋಟು, ಕೈಯಲ್ಲಿ ರಟ್ಟಿನ ಚೀಲ. ಮೆಟ್ಟಿಲ ಕೆಳಗೇ ನಿಂತು, "ಇದನ್ನ ಹಚ್ಚಬಹುದಾ?" ಎಂದು ಒಂದು ಹಾಳೆ ಚಾಚಿದಳು. "ಚಿತ್ರ ಬರೆದುಕೊಡಲಾಗುವುದು. ಯಾವುದಾದರೂ ಸರಿ." ಹಾಳೆಯ ಕೆಳ ಅಂಚನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಪ್ರತಿಯೊಂದರ ಮೇಲೂ ತನ್ನ ಫೋನ್ ನಂಬರು ಬರೆದಿದ್ದಳು. ಬೇಕಾದವರು ಹರಿದುಕೊಂಡು ಹೋಗಲಿ ಎಂದು.

"ಯಾವುದಾದರೂ ಸರಿ ಅಂತ ಬರೆದ್ರೆ ಯಾರಿಗೂ ಏನೂ ಬೇಕು ಅನ್ಸಲ್ಲ," ಎಂದೆ. "ಬೆಟ್ಟ, ಹೂವು, ಹೀಗೆ ಏನಾದ್ರೂ ಹೆಸರು ಹೇಳಿ."

"ಬೆಟ್ಟ ಅವರಿಗೆ ಕಿಟಕೀಲೇ ಕಾಣುತ್ತಲ್ಲ," ಎಂದಳು. ತಮಾಷೆಗೆ ಹೇಳಿದಳೋ ನಿಜಕ್ಕೆ ಹೇಳಿದಳೋ ತಿಳಿಯಲಿಲ್ಲ. ನಾನು ಅಂಟಿಸಿದೆ.

ಆಮೇಲೆ ಹದಿನೈದು ದಿನಕ್ಕೊಮ್ಮೆ ಅಂಗಳಕ್ಕೆ ಬಂದು ಹಲಗೆ ನೋಡಿ ಹೋಗತೊಡಗಿದಳು. ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ಅವಳ ವಿಷಯ ತಿಳಿಯಿತು. ಹುಡುಗಿಯಾಗಿದ್ದಾಗ ರಾಜಧಾನಿ ಲ್ಯುಬ್ಲಿಯಾನಾಗೆ ಹೋಗಿ ಒಂದು ವರ್ಷ ಚಿತ್ರಕಲೆ ಓದಿದ್ದಳು. ತಾಯಿಗೆ ಪಾರ್ಶ್ವವಾಯು ಬಡಿದು ವಾಪಸು ಬಂದಳು. ತಾಯಿ ಹತ್ತೊಂಬತ್ತು ವರ್ಷ ಬದುಕಿದರು. ಪಕ್ಕದ ಕಣಿವೆಯ ಬೂಟಿನ ಕಾರ್ಖಾನೆಯಲ್ಲಿ ಹೊಸ ಮಾದರಿಗಳ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಎಡಗಾಲಿನ ಬೂಟು, ಪಕ್ಕದಿಂದ ಕಂಡಂತೆ, ಇಪ್ಪತ್ತಮೂರು ವರ್ಷ. ಕಾರ್ಖಾನೆ ಮುಚ್ಚಿದಾಗ ಅವಳಿಗೆ ಐವತ್ತು. ಈಗ ರೈಲು ನಿಲ್ದಾಣದ ಹಿಂದಿನ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಒಲೆ, ಉತ್ತರಕ್ಕೆ ಒಂದು ಕಿಟಕಿ.

ಗ್ಯಾಲರಿಗಳಿಗೆ ಪತ್ರ ಬರೆದು ಸುಸ್ತಾಗಿದ್ದಳು. ಉತ್ತರ ಬಂದದ್ದು ಒಂದೇ, ಅದರಲ್ಲೂ ಅವಳ ಹೆಸರು ತಪ್ಪಾಗಿತ್ತು. ಒಂದು ಹೋಟೆಲಿನವರು ನಾಲ್ಕು ಚಿತ್ರ ಗೋಡೆಗೆ ಹಾಕಿಕೊಂಡು ವರ್ಷದ ಮೇಲೆ ಕರಿದ ಎಣ್ಣೆಯ ವಾಸನೆ ಹಿಡಿಸಿ ಹಿಂದಕ್ಕೆ ಕೊಟ್ಟಿದ್ದರು. ಹಲ್ಲಿನ ಡಾಕ್ಟರೊಬ್ಬರು ಜಲಪಾತ ಇದ್ದರೆ ಕೊಳ್ಳುತ್ತೇನೆ ಎಂದಿದ್ದರು. ಅವಳು ಜಲಪಾತ ಬರೆದುಕೊಂಡು ಹೋಗುವ ಹೊತ್ತಿಗೆ ಅವರು ಗೋಡೆಗೆ ಟಿವಿ ಹಾಕಿಸಿದ್ದರು.

ಎರಡು ತಿಂಗಳಾದರೂ ಒಂದು ಪಟ್ಟಿಯನ್ನೂ ಯಾರೂ ಹರಿಯಲಿಲ್ಲ. ಕರುವಿನ ಚೀಟಿ ಹೋಯಿತು, ಬೆಕ್ಕಿನ ಮರಿಗಳೂ ಹೋದವು. ಒಂದು ದಿನ ರಾವ್ನೆ ಊರಿನಲ್ಲಿ ಮಳೆಯ ಕಾರಣ ಯಾರೂ ಬಂದಿರಲಿಲ್ಲ. ಖಾಲಿ ಬಸ್ಸಿನಲ್ಲಿ ಕೂತು ಆ ಹಾಳೆ ನೋಡಿ ನೋಡಿ ನನಗೇ ಒಂಥರಾ ಆಯಿತು. ಎದ್ದು ಹೋಗಿ ನಾನೇ ಒಂದು ಪಟ್ಟಿ ಹರಿದು ಜೇಬಿಗೆ ಹಾಕಿಕೊಂಡೆ. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡಿದ್ದೆ.

ಮುಂದಿನ ಸಲ ಬಂದವಳು ಹಲಗೆ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. "ಒಂದು ಹೋಗಿದೆ!"

"ಹೂಂ," ಎಂದೆ.

"ಯಾವ ಊರಲ್ಲಿ? ಗಂಡಸಾ, ಹೆಂಗಸಾ?"

"ನಾನು ನೋಡಲಿಲ್ಲ. ಜನ ಇದ್ರು."

ಅದಾದ ಮೇಲೆ ಅವಳು ಬಂದಾಗೆಲ್ಲ ನಾನು ಅದೇ ಮಾತು ಕೇಳಿಸಿಕೊಳ್ಳಬೇಕಾಯಿತು. ಇನ್ನೂ ಫೋನ್ ಬಂದಿಲ್ಲ, ಬಹುಶಃ ಹುಲ್ಲು ಕೊಯ್ಯುವ ಕೆಲಸ ಇರಬೇಕು. ಇನ್ನೂ ಬಂದಿಲ್ಲ, ಮನೆಯಲ್ಲಿ ಕೇಳುತ್ತಿರಬೇಕು. "ಬಟ್ಟೆ ಒಗೆಯೋಕೆ ಕೆಳಗೆ ಹೋಗುವಾಗಲೂ ಫೋನ್ ತಗೊಂಡೇ ಹೋಗ್ತೀನಿ. ಒಂದು ದಿನ ಪಕ್ಕದವರ ಫೋನಿಂದ ನನ್ನ ನಂಬರಿಗೆ ನಾನೇ ಮಾಡಿ ನೋಡಿದೆ, ಕೆಟ್ಟಿದೆಯೇನೋ ಅಂತ. ಚೆನ್ನಾಗೇ ಇದೆ." ಅವಳು ಇದನ್ನು ನಗುತ್ತ ಹೇಳಿದಳು. ಆ ರಾತ್ರಿ ಪಟ್ಟಿ ಹರಿದದ್ದನ್ನು ಗಂಡನಿಗೆ ಹೇಳಿದರೆ, "ಹಾಗಾದ್ರೆ ನೀನೇ ಒಂದು ಚಿತ್ರ ಬರೆಸ್ಕೋ," ಎಂದ. ಅದು ಇನ್ನೊಂದು ಸುಳ್ಳಾಗುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಯಾರೋ ಗೊತ್ತಿಲ್ಲದವರು ನಿಜವಾಗಿ ಕೇಳಬೇಕು ಅನ್ನುವುದು.

ಅಂದಿನಿಂದ ನಾನು ಬಸ್ಸಿಗೆ ಬಂದವರನ್ನೆಲ್ಲ ಚಿತ್ರ ಬರೆಸುತ್ತೀರಾ ಎಂದು ಕೇಳತೊಡಗಿದೆ.

ಝಾಬ್ರೆಗ್ ಊರಿನ ಪೋಲ್ದೆ ಮೆಗೂಷರ್ ಎಂಬ ಮುದುಕ ಪತ್ತೇದಾರಿ ಕಾದಂಬರಿ ಬಿಟ್ಟು ಬೇರೇನೂ ಓದುತ್ತಿರಲಿಲ್ಲ. ಅವನ ತೋಟದ ತುದಿಯಲ್ಲಿ ಮರದ ಜೇನುಮನೆ ಇತ್ತು, ಒಳಗೆ ಮೂರು ಸಾಲು ಜೇನುಪೆಟ್ಟಿಗೆ. ನಮ್ಮ ಕಡೆ ಹಿಂದಿನವರು ಪ್ರತಿ ಪೆಟ್ಟಿಗೆಯ ಮುಂದಿನ ಹಲಗೆಗೂ ಒಂದು ಚಿತ್ರ ಬರೆಸುತ್ತಿದ್ದರು. ಅವನ ತಾತನ ಕಾಲದ ಹಲಗೆಗಳನ್ನು ಅವನ ಅಪ್ಪ ಯಾರೋ ಹಳೇ ಸಾಮಾನಿನವನಿಗೆ ಮಾರಿದ್ದ. ಪೆಟ್ಟಿಗೆಗಳು ಬೋಳಾಗಿದ್ದವು.

"ಪೋಲ್ದೆ ಮಾವ, ಒಂದು ಹಲಗೆಗೆ ಚಿತ್ರ ಬರೆಸಿ. ನನಗೆ ಗೊತ್ತಿರೋರು ಒಬ್ಬರಿದ್ದಾರೆ."

"ಜೇನುಹುಳ ಚಿತ್ರ ನೋಡುತ್ತವೇನಮ್ಮ?"

"ಅಕ್ಕಪಕ್ಕದವರು ನೋಡ್ತಾರೆ."

ಮುದುಕನ ಕಣ್ಣು ಮಿನುಗಿತು. "ಒಂದಿದೆ. ಹಳೇದು. ಸೈತಾನ ಸಾಣೆಕಲ್ಲಿನ ಮೇಲೆ ಹೆಂಗಸಿನ ನಾಲಿಗೆ ಮಸೀತಿರ್ತಾನೆ. ಅದು ಬರೀಲಿ. ಹೆಂಗಸಿಗೆ ಆಂಚ್ಕಾಳ ಮುಖ ಇರಲಿ." ಆಂಚ್ಕಾ ಅವನ ಪಕ್ಕದ ಮನೆಯ ವಿಧವೆ. ಅವಳ ಕೋಳಿಗಳು ಇವನ ತೋಟಕ್ಕೆ ನುಗ್ಗುತ್ತವೆ ಎಂದು ಹನ್ನೊಂದು ವರ್ಷದಿಂದ ಜಗಳ.

ಸ್ಲಾವ್ಕಾಳನ್ನು ಬಸ್ಸಿನಲ್ಲೇ ಕರೆದುಕೊಂಡು ಹೋದೆ. ಅವಳು ಜೇನುಮನೆಯ ಮುಂದೆ ಕೂತು ಅಳತೆ ತೆಗೆದುಕೊಂಡಳು, ಹಲಗೆ ಮನೆಗೆ ಒಯ್ದಳು, ತಿಂಗಳೊಳಗೆ ಬರೆದು ತಂದಳು. ಮುಖ ಆಂಚ್ಕಾಳದ್ದಲ್ಲ, ಯಾರದೂ ಅಲ್ಲ. ಆದರೆ ಒಮ್ಮೆ ಬೇಲಿಯಾಚೆ ಕಂಡಿದ್ದ ನೀಲಿ ಚೌಕುಳಿಯ ಏಪ್ರನ್ ಕಣ್ಣಿಗೆ ಚೆನ್ನಾಗಿ ಕಂಡು ಅದನ್ನೇ ಹಾಕಿಬಿಟ್ಟಿದ್ದಳು. ಪೋಲ್ದೆ ನಕ್ಕೂ ನಕ್ಕೂ ಕೆಮ್ಮಿದ. ಎಷ್ಟಾಯಿತು ಎಂದು ಕೇಳಿದ.

"ನಿಮಗೆ ಎಷ್ಟು ಅನ್ಸುತ್ತೋ ಅಷ್ಟು," ಎಂದಳು ಸ್ಲಾವ್ಕಾ.

ಅವನಿಗೆ ನಾಲ್ಕು ಬಾಟಲಿ ಜೇನು ಅನ್ನಿಸಿತು.

ಹಿಂದಿರುಗುವಾಗ ತೊಡೆಯ ಮೇಲೆ ಬಾಟಲಿ ಇಟ್ಟುಕೊಂಡು ಕೂತಿದ್ದಳು. ನನಗೆ ಸಿಟ್ಟು ಬಂದಿತ್ತು. "ಮನೆ ಬಾಡಿಗೆ ಜೇನಲ್ಲಿ ಕಟ್ತೀರಾ? ಈಗ ಹೇಳಿ ನೋಡೋಣ. ನೂರ ಇಪ್ಪತ್ತು ಯೂರೋ. ಹೇಳಿ."

"ನೂರ ಇಪ್ಪತ್ತು... ಆದ್ರೆ..."

"ಆದ್ರೆ ಇಲ್ಲ. ಇನ್ನೊಂದ್ಸಲ."

"ನೂರ ಇಪ್ಪತ್ತು ಯೂರೋ, ನಿಮಗೆ ಕಷ್ಟ ಆಗಲ್ಲ ಅಂದ್ರೆ."

"ಆಗಲಿ ಬಿಡಿ ಕಷ್ಟ!"

ಹನ್ನೆರಡು ತಿರುವು ಇಳಿಯುವಷ್ಟರಲ್ಲಿ ಅವಳು ಅದನ್ನು ಮೂವತ್ತು ಸಲವಾದರೂ ಹೇಳಿರಬೇಕು. ಕೊನೆಕೊನೆಗೆ ಅಂಚೆಪೆಟ್ಟಿಗೆಗೆ, ಹಸುವಿಗೆ, ಎದುರಿಗೆ ಬಂದ ಹಾಲಿನ ಲಾರಿಗೆಲ್ಲ ಹೇಳುತ್ತಿದ್ದಳು. ಅವಳು ಜೋರಾಗಿ ನಕ್ಕಿದ್ದನ್ನು ಅವತ್ತೇ ಮೊದಲು ಕೇಳಿದ್ದು.

ಹದಿನೈದು ದಿನ ಕಳೆದು ಝಾಬ್ರೆಗ್‌ನಲ್ಲಿ ಬಸ್ಸು ನಿಲ್ಲಿಸುವುದೇ ತಡ, ಆಂಚ್ಕಾ ನುಗ್ಗಿದಳು. ಮೈಮೇಲೆ ಅದೇ ನೀಲಿ ಚೌಕುಳಿಯ ಏಪ್ರನ್. ಇನ್ನೊಬ್ಬ ಜೇನು ಸಾಕುವವರನ್ನು ನೋಡಲೆಂದು ಸ್ಲಾವ್ಕಾ ಕೂಡ ಅವತ್ತು ನನ್ನ ಜೊತೆ ಬಂದಿದ್ದಳು.

"ಯಾರೇ ಅದು ನನ್ನ ನಾಲಿಗೆ ಬರೆದವಳು?"

ನಾನು ಬಾಯಿ ತೆರೆಯುವ ಮೊದಲೇ ಸ್ಲಾವ್ಕಾ ಎದ್ದು ನಿಂತಳು. "ನಾನು."

"ನನ್ನ ನಾಲಿಗೆ ಅಷ್ಟು ಉದ್ದ ಇದೆಯೇನೇ?"

"ಹಲಗೆ ಉದ್ದ ಇತ್ತು," ಎಂದಳು ಸ್ಲಾವ್ಕಾ.

ಬಸ್ಸಿನಲ್ಲಿದ್ದ ಇಬ್ಬರು ಮುದುಕಿಯರು ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡರು. ಆಂಚ್ಕಾ ನನ್ನ ಕುರ್ಚಿ ಎಳೆದುಕೊಂಡು ಕೂತಳು. "ಏಪ್ರನ್ನಿನ ನೆರಿಗೆ ಮಾತ್ರ ಚೆನ್ನಾಗಿ ಬಂದಿದೆ. ಅದನ್ನ ಒಪ್ಪಬೇಕು." ಆಮೇಲೆ, "ನನಗೂ ಒಂದು ಬರೆದುಕೊಡು. ಆ ಮುದಿ ಗೂಬೆಯ ಅಂಗಳಕ್ಕೆ ಕಾಣೋ ಹಾಗೆ ಗೋಡೆಗೆ ಹಾಕ್ತೀನಿ. ನನ್ನ ಗಂಡನ್ನ ಬರಿ. ಅವನು ಈ ಪೋಲ್ದೆಗಿಂತ ಒಂದು ಗೇಣು ಎತ್ತರ ಇದ್ದ. ಎಲ್ಲರಿಗೂ ಗೊತ್ತಾಗಲಿ."

ಸ್ಲಾವ್ಕಾ ನನ್ನ ಕಡೆ ನೋಡಿದಳು. ನಾನು ಕಣ್ಣರಳಿಸಿದೆ.

"ನೂರ ಇಪ್ಪತ್ತು ಯೂರೋ ಆಗುತ್ತೆ," ಎಂದಳು. ಅಷ್ಟೇ. ಮುಂದೆ ಏನೂ ಸೇರಿಸಲಿಲ್ಲ.

"ಆಗಲಿ," ಎಂದಳು ಆಂಚ್ಕಾ.

ತೊಂದರೆ ಬಂದದ್ದು ಆಮೇಲೆ. ಆಂಚ್ಕಾಳ ಗಂಡ ಯೋಝೆಯದ್ದು ಒಂದೂ ಫೋಟೋ ಇರಲಿಲ್ಲ. ಊರಿಗೆಲ್ಲ ಕ್ಯಾಮೆರಾ ಇದ್ದದ್ದು ಅವನ ಹತ್ತಿರ ಮಾತ್ರ, ಮದುವೆ, ನಾಮಕರಣ, ಹಂದಿ ಕೊಯ್ಯುವ ದಿನ, ಎಲ್ಲದರ ಫೋಟೋ ಅವನೇ ತೆಗೆದದ್ದು. ಹಾಗಾಗಿ ಯಾವುದರಲ್ಲೂ ಅವನಿಲ್ಲ. ಗುರುತಿನ ಚೀಟಿಯ ಫೋಟೋ ಮಾತ್ರ ಒಂದಿತ್ತು. "ಪೊಲೀಸರು ಹಿಡಿದು ಕೂರಿಸಿದ ಹಾಗಿದ್ದಾನೆ. ಅದು ನೋಡಿ ಬರೀಬೇಡ," ಎಂದು ಆಂಚ್ಕಾ ಅದನ್ನು ಕಿತ್ತುಕೊಂಡಳು.

ಸ್ಲಾವ್ಕಾ ಎರಡು ದಿನ ಝಾಬ್ರೆಗ್‌ನಲ್ಲಿ ಓಡಾಡಿದಳು. ಯೋಝೆ ಹೇಗಿದ್ದ ಎಂದು ಕೇಳಿದರೆ ಮೂಗಿನ ವಿಷಯದಲ್ಲಿ ಇಬ್ಬರ ಮಾತು ಒಂದಾಗಲಿಲ್ಲ. ಆದರೆ ಎಡಭುಜ ಇಳಿದಿತ್ತು, ಕ್ಯಾಮೆರಾದ ಪಟ್ಟಿಯಿಂದ, ಅಂತ ಎಲ್ಲರೂ ಹೇಳಿದರು. ನಡೆಯುವಾಗ ಬಲಗೈ ಬೆನ್ನ ಹಿಂದೆ ಇರುತ್ತಿತ್ತಂತೆ. ಕುತ್ತಿಗೆಯ ಮೇಲೆ ಕೂದಲು ಸುಳಿ ಸುತ್ತಿರುತ್ತಿತ್ತಂತೆ. ಹೀಗಾಗಿ ಅವಳು ಅವನನ್ನು ಹಿಂದಿನಿಂದ ಬರೆದಳು. ಹೊಲದ ದಾರಿಯಲ್ಲಿ ನಡೆದು ಹೋಗುತ್ತಿರುವ ಒಬ್ಬ ಮನುಷ್ಯ, ಇಳಿದ ಎಡಭುಜ, ಬೆನ್ನ ಮೇಲೆ ಮಡಿಸಿದ ಕೈ.

ಆಂಚ್ಕಾ ಅದನ್ನು ಬಸ್ಸಿನ ಮೇಜಿನ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಕೊನೆಗೆ, "ಅವನೇ," ಎಂದಳು. "ಜೀವಮಾನವೆಲ್ಲ ನನಗೆ ಇದನ್ನೇ ತೋರಿಸಿದ್ದು." ನಗುತ್ತ ಅತ್ತಳು. ನೋಟುಗಳನ್ನು ಏಪ್ರನ್ನಿನ ಜೇಬಿನಿಂದ ತೆಗೆದುಕೊಟ್ಟಳು. ಚಿತ್ರವನ್ನು ಹೊರಗೋಡೆಗೆ ಹಾಕಲಿಲ್ಲ, ಮಲಗುವ ಕೋಣೆಗೆ ಒಯ್ದಳು. ಪೋಲ್ದೆ ಅದನ್ನು ಯಾವತ್ತೂ ನೋಡಲಿಲ್ಲ.

ಅವತ್ತು ಇಳಿಜಾರಿನಲ್ಲಿ ಬರುತ್ತ ನಾನು ಪಟ್ಟಿ ಹರಿದ ವಿಷಯ ಹೇಳಿಬಿಟ್ಟೆ. ಸ್ಲಾವ್ಕಾ ಕಿಟಕಿಯಾಚೆ ನೋಡುತ್ತಿದ್ದಳು.

"ಒಂದೇ ಯಾಕೆ ಹರಿದೆ?" ಎಂದಳು. "ಎರಡು ಹರಿದಿದ್ರೆ ಇನ್ನೂ ಚೆನ್ನಾಗಿ ನಂಬ್ತಿದ್ದೆ."

ಅವಳು ನನ್ನನ್ನು 'ನೀನು' ಅಂದದ್ದು ಅದೇ ಮೊದಲು.

ಮುಂದೆ ಆದದ್ದು ಯಾರೂ ಯೋಚಿಸಿ ಮಾಡಿದ್ದಲ್ಲ. ಆಂಚ್ಕಾ ಚಿತ್ರವನ್ನು ತಂಗಿಗೆ ತೋರಿಸಿದಳು. ತಂಗಿ ತನ್ನ ನಾದಿನಿಗೆ ಹೇಳಿದಳು. ಒಂದು ದಿನ ರಾವ್ನೆಯಲ್ಲಿ ಪರಿಚಯವಿಲ್ಲದ ಹೆಂಗಸು ಬಸ್ಸು ಹತ್ತಿ, "ಆ ಬೆನ್ನು ಬರೆಯೋಳು ಇಲ್ಲಿ ಸಿಗ್ತಾಳಂತಲ್ಲ?" ಎಂದು ಕೇಳಿದಳು. ಅವಳ ತಾಯಿ ಒಲೆಯ ಮುಂದೆ ಬಗ್ಗಿ ನಿಂತಿದ್ದ ರೀತಿ ಬೇಕಿತ್ತು. "ಮುಖದ ಫೋಟೋ ಡಬ್ಬಿ ತುಂಬ ಇದೆ. ಆದ್ರೆ ನಾನು ಸ್ಕೂಲಿಂದ ಬಂದಾಗ ಕಾಣ್ತಿದ್ದದ್ದು ಅವಳ ಬೆನ್ನು. ಅದರದ್ದು ಒಂದೂ ಇಲ್ಲ." ಆಮೇಲೆ ಒಬ್ಬ ತನ್ನ ಅಪ್ಪ ಹೆಗಲ ಮೇಲೆ ಏಣಿ ಹೊತ್ತು ಹೋಗುವುದನ್ನು ಕೇಳಿದ. ಇನ್ನೊಬ್ಬಳು ಚರ್ಚಿನಲ್ಲಿ ಯಾವಾಗಲೂ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಅಕ್ಕನ ತಲೆವಸ್ತ್ರ ಕೇಳಿದಳು.

ತಿಂಗಳಿಗೆ ಒಂದು, ಕೆಲವು ತಿಂಗಳು ಎರಡು. ಅದರಿಂದ ಶ್ರೀಮಂತಳೇನೂ ಆಗಲಿಲ್ಲ. ಬೆಳಗ್ಗೆ ಶಾಲೆಯ ನೆಲ ಒರೆಸುವ ಕೆಲಸವನ್ನೂ ಹಿಡಿದಿದ್ದಳು. ಆದರೆ ಹಲಗೆಯ ಮೇಲಿನ ಹಾಳೆಯನ್ನು ತೆಗೆಸಿದಳು. ಬೇಕಾದವರು ತಾವಾಗಿ ಬರುತ್ತಿದ್ದರು. ಬಂದವರಿಗೆ ಅವಳ ಹೆಸರು ಗೊತ್ತಿರುತ್ತಿರಲಿಲ್ಲ, ನಾನೇ ಹೇಳುತ್ತಿದ್ದೆ, ಅವರು ಮರೆಯುತ್ತಿದ್ದರು.

ಜನ ಅವಳ ಮುಂದೆ ಕೂತು ಸತ್ತವರ ವಿಷಯ ಗಂಟೆಗಟ್ಟಲೆ ಹೇಳುತ್ತಿದ್ದರು. ಅವಳ ವಿಷಯ ಯಾರೂ ಕೇಳುತ್ತಿರಲಿಲ್ಲ. ಒಂದು ವಸಂತದಲ್ಲಿ ನಾನು ಈಸ್ಟರ್ ಊಟಕ್ಕೆ ಕರೆದೆ. "ನಮ್ಮನೇಲಿ ಎಂಟು ಜನ, ಒಂಬತ್ತಾದ್ರೆ ಗೊತ್ತೂ ಆಗಲ್ಲ. ಬಾ. ಬೇಯಿಸಿದ ಹಂದಿ ತೊಡೆ ಇದೆ, ಆಕ್ರೋಟು ತುಂಬಿದ ಸಿಹಿರೊಟ್ಟಿ, ಪೊಟಿಟ್ಸಾ, ನನ್ನ ಅತ್ತೆ ಮಾಡ್ತಾರೆ."

"ಸೋಮವಾರಕ್ಕೆ ಒಂದು ಆರ್ಡರ್ ಮುಗಿಸಬೇಕು ಬ್ರೇದಾ. ಇನ್ನೊಂದ್ಸಲ ಬರ್ತೀನಿ."

ನಾನು ಒತ್ತಾಯ ಮಾಡಲಿಲ್ಲ. ಕೆಲಸ ಇದೆಯಲ್ಲ ಎಂದು ಸಂತೋಷವೇ ಆಯಿತು.

ಹಿಂಕೋ ಲಾವ್‌ತರ್ ಬಂದದ್ದು ಅದರ ಮುಂದಿನ ಚಳಿಗಾಲ. ಮೊದಲು ಫೋನಿನಲ್ಲಿ ಕೇಳಿದನಂತೆ, "ಬದುಕಿರೋರ ಬೆನ್ನು ಬರೀತೀರಾ?" ಬೋಹಿನ್ ಕಡೆಯವನು, ಮೂವತ್ತನಾಲ್ಕು ವರ್ಷ ಆ ಬೆಟ್ಟದ ರೈಲುಹಳಿ ನೋಡಿಕೊಂಡವನು. ಸೇಬು ಹೂ ಬಿಡುವ ತನಕ ಬದುಕಬಹುದು ಎಂದು ಡಾಕ್ಟರು ಹೇಳಿದ್ದರು. ಹೆಂಡತಿ ಮಾರ್ತಾ ಪ್ರತಿದಿನ ಮುಂಜಾನೆ ಅವನು ಹಳಿಯ ಕಡೆ ನಡೆದು ಹೋಗುವುದನ್ನು ಕಿಟಕಿಯಿಂದ ನೋಡುತ್ತಿದ್ದಳು. ಅದನ್ನು ಅವಳಿಗೆ ಬಿಟ್ಟು ಹೋಗಬೇಕು ಎಂದು ಅವನ ಆಸೆ.

ಮೂರು ದಿನ, ದಿನವೂ ರೈಲಿನಲ್ಲಿ ಬಂದ. ಸ್ಲಾವ್ಕಾ ಯಾವತ್ತೂ ಬಂದವರ ಕಣ್ಣು ನೋಡುವವಳಲ್ಲ, ಬೂಟು ನೋಡುವವಳು. ಅವನೂ ಟೋಪಿ, ಮಫ್ಲರಿನೊಳಗೆ ಮುಖ ಮುಚ್ಚಿಕೊಂಡು ಬರುತ್ತಿದ್ದ. ಒಳಗೆ ಬಂದವನೇ ಕಿಟಕಿಯ ಕಡೆ ತಿರುಗಿ ಕೂತುಬಿಡುತ್ತಿದ್ದ. ಕೆಳಗೆ ನಿಲ್ದಾಣ, ಹಳಿಗಳು. ಬರುವ ಹೋಗುವ ಗಾಡಿಗಳನ್ನೆಲ್ಲ ಅವನು ಬೈಯುತ್ತಿದ್ದನಂತೆ. ನಿಮ್ಮ ಬೂಟು ಯಾವ ಕಾರ್ಖಾನೆಯದು ಎಂದು ಇವಳು ಕೇಳಿದಳು. ಅದು ಇವಳೇ ಬರೆದ ಮಾದರಿ.

"ನೀವಾ ಅದು!" ಎಂದನಂತೆ ತಿರುಗದೆ. "ನನ್ನ ಕಾಲಿನ ಕಿರುಬೆರಳು ತಿಂದವರು!"

ಅಲ್ಲಿಂದ ಮಾತು ಶುರುವಾಯಿತು. ಮೂರು ದಿನ ನಿಲ್ಲಲಿಲ್ಲ. ಸ್ಲಾವ್ಕಾ ಲ್ಯುಬ್ಲಿಯಾನಾದ ಆ ಒಂದು ವರ್ಷ ಹೇಳಿದಳು, ತಾಯಿಯ ಹತ್ತೊಂಬತ್ತು ವರ್ಷ ಹೇಳಿದಳು. ತಾಯಿ ಸತ್ತ ದಿನ ಮೊದಲು ತನಗೆ ಅನ್ನಿಸಿದ್ದು ಇನ್ನು ಕಿಟಕಿ ತೆರೆಯಬಹುದು ಎಂದು, ಅದನ್ನೂ ಹೇಳಿದಳು. ಅವನ ಬೆನ್ನು ಅಲ್ಲಾಡದೆ ಕೇಳಿತು. "ಮುಖ ನೋಡ್ತಾ ಇದ್ರೆ ಹೇಳ್ತಿರಲಿಲ್ಲ," ಎಂದು ಆಮೇಲೆ ನನಗೆ ಹೇಳಿದಳು. "ಈಸ್ಟರ್ ದಿನ ನಿನಗೆ ಆರ್ಡರ್ ಇದೆ ಅಂತ ಸುಳ್ಳು ಹೇಳಿದ್ನಲ್ಲ, ಅದನ್ನೂ ಹೇಳಿದೆ. ಒಂಬತ್ತನೇ ಕುರ್ಚಿ ಎಲ್ಲಿಂದಾದ್ರೂ ಎರವಲು ತರ್ತಾರಲ್ಲ, ಆ ಕುರ್ಚಿ ಮೇಲೆ ಕೂರೋಕೆ ಮನಸ್ಸು ಬರಲಿಲ್ಲ ಅಂದೆ."

ಅದು ಸುಳ್ಳೆಂದು ನನಗೆ ಗೊತ್ತಾದದ್ದು ಹಾಗೆ. ನನಗೆ ಹೇಳಲಾಗದ್ದನ್ನು ಬೋಹಿನ್‌ನ ಯಾರೋ ರೈಲ್ವೆಯವನಿಗೆ ಹೇಳಿದ್ದಳು. ಸ್ವಲ್ಪ ನೋವಾಯಿತು. ತೋರಿಸಿಕೊಳ್ಳಲಿಲ್ಲ.

ಮೂರನೇ ದಿನ ಸಂಜೆ ಚಿತ್ರ ಮುಗಿಯಿತು. ಮಸುಕು ಬೆಳಕು, ಹಿಮದ ದಾರಿ, ಹಳೆಯ ಕಪ್ಪು ಕೋಟಿನ ಬೆನ್ನು. ಅವನು ದುಡ್ಡು ಕೊಟ್ಟು, ಕೈಕುಲುಕಿ, ಬಣ್ಣ ಒಣಗಿದ ಮೇಲೆ ಕಳಿಸಿ ಎಂದು ವಿಳಾಸ ಬರೆದುಕೊಟ್ಟು ನಾಲ್ಕರ ಗಾಡಿಗೆ ಹೊರಟುಹೋದ. ಅವನು ಹೋಗುವುದನ್ನು ಕಿಟಕಿಯಿಂದ ನೋಡಿದೆಯಾ ಎಂದು ನಾನು ಆಮೇಲೆ ಕೇಳಿದೆ. "ಇಲ್ಲ," ಎಂದಳು. "ಕುಂಚ ತೊಳೀತಿದ್ದೆ."

ಏಪ್ರಿಲಿನಲ್ಲಿ ಪತ್ರಿಕೆಯ ಮರಣವಾರ್ತೆಯಲ್ಲಿ ಹೆಸರು ಬಂತು. ನಾನೇ ಅವಳಿಗೆ ತೋರಿಸಿದ್ದು. ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ, ಮಣ್ಣಿಗೆ ಹೋಗಿ ಬರೋಣ ಎಂದೆ.

"ಹೋಗಿ ಯಾರು ಅಂತ ಹೇಳ್ಲಿ?" ಎಂದಳು.

ಜೂನ್ ತಿಂಗಳ ಒಂದು ಶನಿವಾರ ನಾನು ಅವಳ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಮಾರ್ತಾ ಬಂದಳು. ಫೋನ್ ಮಾಡಿಯೇ ಬಂದಿದ್ದಳು. ಪುಟ್ಟ ಹೆಂಗಸು, ಅರವತ್ತರ ಆಚೆ, ಒಳ್ಳೆಯ ಕೈಚೀಲ. ಕಂಕುಳಲ್ಲಿ ಮೇಜಿನ ಬಟ್ಟೆ ಸುತ್ತಿದ ಚಿತ್ರ. ಕುರ್ಚಿಯ ತುದಿಯಲ್ಲಿ ಕೂತು ಬಟ್ಟೆ ಬಿಚ್ಚಿದಳು.

"ಚಿತ್ರ ಚೆನ್ನಾಗಿದೆ. ಅವರೇ. ಕೋಟಿನ ಹೊಲಿಗೆ ಕೂಡ ನಾನು ಹಾಕಿದ್ದೇ. ಆದ್ರೆ ಇಟ್ಕೊಳೋಕೆ ಆಗ್ತಿಲ್ಲ. ಬೆಳಗ್ಗೆ ಎದ್ದು ನೋಡಿದ್ರೆ ಹೊರಟಿರ್ತಾರೆ. ಮಧ್ಯಾಹ್ನ ನೋಡಿದ್ರೆ ಹೊರಟಿರ್ತಾರೆ. ಮುಂಚೆ ಸಂಜೆ ವಾಪಸ್ ಬರ್ತಿದ್ರು." ಚಿತ್ರದ ಕಡೆ ಕೈ ತೋರಿಸಿದಳು. "ಇದನ್ನ ತಿರುಗಿಸೋಕೆ ಆಗುತ್ತಾ?"

ಸ್ಲಾವ್ಕಾಗೆ ಅರ್ಥವಾಗಲಿಲ್ಲ. ಚಿತ್ರದ ಹಲಗೆಯನ್ನು ಎತ್ತಿ ಹಿಂದುಮುಂದು ಮಾಡಿದಳು.

"ಹಾಗಲ್ಲ," ಎಂದಳು ಮಾರ್ತಾ. "ಅವರನ್ನ."

ಕೈಚೀಲದಿಂದ ಫೋಟೋ ತೆಗೆದು ಮೇಜಿನ ಮೇಲೆ ಇಟ್ಟಳು. ಅಗಲ ಮುಖ, ದಪ್ಪ ಹುಬ್ಬು, ಕ್ಯಾಮೆರಾ ಕಂಡು ಸ್ವಲ್ಪ ಬಿಗಿದುಕೊಂಡ ತುಟಿ. ಸ್ಲಾವ್ಕಾ ಅದನ್ನು ಕಿಟಕಿಯ ಬಳಿ ಒಯ್ದಳು, ದೂರ ಹಿಡಿದಳು, ಹತ್ತಿರ ಹಿಡಿದಳು. ಕೊನೆಗೆ ತಂದು ಮತ್ತೆ ಮೇಜಿನ ಮೇಲೇ ಇಟ್ಟಳು.

"ನನ್ನ ಕೈಲಿ ಆಗಲ್ಲ."

"ದುಡ್ಡು ಬೇರೆ ಕೊಡ್ತೀನಿ, ಹೊಸದಾಗಿ."

"ದುಡ್ಡಿನ ಮಾತಲ್ಲ. ಇವರು... ಇವರು ನನಗೆ ಗೊತ್ತಿಲ್ಲ."

"ಮೂರು ದಿನ ಇಲ್ಲೇ ಇದ್ರಲ್ಲ! ಮನೆಗೆ ಬಂದು ಹೇಳಿದ್ರು, ಆ ಹೆಂಗಸು ಚೆನ್ನಾಗಿ ಮಾತಾಡ್ತಾರೆ ಅಂತ." ಮಾರ್ತಾಳ ದನಿಯಲ್ಲಿ ಏನೋ ಸ್ವಲ್ಪ ಮೊನಚಾಯಿತು. "ಏನು ಮಾತಾಡಿದ್ರಿ ಅಷ್ಟು?"

ನಾನು ಎದ್ದು ಒಲೆಯ ಕಡೆ ಹೋದೆ. ಸ್ಲಾವ್ಕಾ ಅವಳ ಎದುರು ಕೂತಳು. ಗಾಡಿಗಳ ವಿಷಯ ಹೇಳಿದಳು, ಬೂಟಿನ ವಿಷಯ ಹೇಳಿದಳು. ಆಮೇಲೆ, "ನಿಮ್ಮ ವಿಷಯ ಹೇಳಿದ್ರು. ನೀವು ಪರದೆ ಸ್ವಲ್ಪ ಸರಿಸಿ ನಿಂತಿರ್ತೀರಿ ಅಂತ."

"ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಒಂದಿನಾನೂ ತಿರುಗಿ ನೋಡಲಿಲ್ಲ!"

"ತಿರುಗಿದ್ರೆ ನೀವು ನಾಚಿಕೊಂಡು ಪರದೆ ಬಿಟ್ಟುಬಿಡ್ತೀರಿ, ನಾಳೆಯಿಂದ ನಿಲ್ಲಲ್ಲ. ಅದಕ್ಕೇ ತಿರುಗ್ತಿರಲಿಲ್ಲ ಅಂದ್ರು."

ಮಾರ್ತಾ ಕೈಚೀಲದ ಹಿಡಿಯನ್ನು ಹಿಡಿದುಕೊಂಡು ಕೂತೇ ಇದ್ದಳು. ಅತ್ತಳೋ ಇಲ್ಲವೋ, ನಾನು ಆ ಕಡೆ ನೋಡಲಿಲ್ಲ. ನಾನು ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದಳು. ಇಷ್ಟಾದ ಮೇಲೆ ಚಿತ್ರವನ್ನು ಮನೆಗೆ ಒಯ್ಯುತ್ತಾಳೆ ಅಂದುಕೊಂಡೆ. ಅವಳು ಮೇಜಿನ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿದಳು. "ಈಗಂತೂ ಮನೇಲಿ ಇಟ್ಕೊಳೋಕೆ ಆಗೋದೇ ಇಲ್ಲ," ಎಂದಳು. "ಇಲ್ಲೇ ಇರಲಿ. ನೀವು ಮಾರಬೇಡಿ." ಸ್ಲಾವ್ಕಾ ಹಣ ಹಿಂದಿರುಗಿಸಲು ಹೋದರೆ, "ಅದು ಅವರು ಕೊಟ್ಟಿದ್ದು, ನನ್ನದಲ್ಲ," ಎಂದು ಮೆಟ್ಟಿಲಿಳಿದು ಹೋದಳು.

ಫೋಟೋ ಮೇಜಿನ ಮೇಲೇ ಉಳಿದಿತ್ತು.

"ದಾರೀಲಿ ಎದುರಿಗೆ ಸಿಕ್ಕಿದ್ರೆ ನಮಸ್ಕಾರ ಕೂಡ ಹೇಳ್ತಿರಲಿಲ್ಲ ಬ್ರೇದಾ," ಎಂದಳು ಸ್ಲಾವ್ಕಾ. "ಎಷ್ಟು ನೆನಪು ಮಾಡಿಕೊಂಡ್ರೂ ಈ ಮುಖ ಬರ್ತಿಲ್ಲ. ನಾನು ಮಾತಾಡಿದ್ದು ಇವರ ಜೊತೆ ಅಲ್ಲ ಅನ್ಸುತ್ತೆ." ಮಾರನೇ ದಿನ ಫೋಟೋವನ್ನು ಲಕೋಟೆಯಲ್ಲಿ ಹಾಕಿ ಮಾರ್ತಾಳಿಗೆ ಅಂಚೆಯಲ್ಲಿ ಕಳಿಸಿದಳು.

ಆಮೇಲೆಯೂ ಬೆನ್ನು ಬರೆಸುವವರು ಬರುತ್ತಲೇ ಇದ್ದರು. ಒಮ್ಮೆ ಪುರಸಭೆಯ ಸಾಂಸ್ಕೃತಿಕ ಕಚೇರಿಯವರು ಪ್ರದರ್ಶನ ಮಾಡೋಣ ಎಂದು ಕೇಳಿದ್ದುಂಟು. ಚಿತ್ರಗಳನ್ನು ಎರಡು ವಾರಕ್ಕೆ ಎರವಲು ಕೊಡಿ ಎಂದು ಸ್ಲಾವ್ಕಾ ಎಲ್ಲರಿಗೂ ಪತ್ರ ಬರೆದಳು. ಒಬ್ಬರೂ ಕೊಡಲಿಲ್ಲ. ಗೋಡೆ ಖಾಲಿಯಾದರೆ ನನಗೆ ನಿದ್ದೆ ಬರುವುದಿಲ್ಲ ಎಂದು ಏಣಿಯವನ ಮಗ ಬರೆದ. ಆಂಚ್ಕಾ ಫೋನ್ ಮಾಡಿ ಬೈದಳು. ಪ್ರದರ್ಶನ ಆಗಲ್ಲ ಎಂದು ಸ್ಲಾವ್ಕಾ ಕಚೇರಿಗೆ ತಿಳಿಸಿದಳು. ಬೇಜಾರಾಯಿತಾ ಎಂದು ಕೇಳಿದೆ. ಆಯಿತು ಎಂದಳು. ಸುಳ್ಳು ಹೇಳಲಿಲ್ಲ.

ಮಾರ್ತಾ ಪ್ರತಿ ಜೂನಿನಲ್ಲಿ ಒಂದು ಶನಿವಾರ ರೈಲಿನಲ್ಲಿ ಬರತೊಡಗಿದಳು. ಚಿತ್ರದ ಮುಂದೆ ಒಂದು ಗಂಟೆ ಕೂತು, ಕಾಫಿ ಕುಡಿದು, ನಾಲ್ಕರ ಗಾಡಿಗೆ ಹೋಗುತ್ತಿದ್ದಳು. ಇಬ್ಬರಿಗೂ ಹೆಚ್ಚು ಮಾತಿರುತ್ತಿರಲಿಲ್ಲ ಎಂದು ಸ್ಲಾವ್ಕಾ ಹೇಳಿದಳು. ಎರಡು ವರ್ಷ ಹಾಗೆ ಬಂದಳು. ಈ ವರ್ಷ ಸ್ಲಾವ್ಕಾ ಬೆಳಗ್ಗೆಯೇ ಎದ್ದು ಪೊಟಿಟ್ಸಾ ಮಾಡಿದ್ದಳು, ನನ್ನನ್ನೂ ಕರೆದಿದ್ದಳು. ಹನ್ನೊಂದರ ಗಾಡಿಯಲ್ಲಿ ಮಾರ್ತಾ ಇಳಿಯಲಿಲ್ಲ. ಒಂದರ ಗಾಡಿಯಲ್ಲೂ ಇಳಿಯಲಿಲ್ಲ. ಎರಡು ಗಂಟೆಗೆ ಅವಳ ಮಗಳು ಫೋನ್ ಮಾಡಿದಳು. ಅಮ್ಮನಿಗೆ ಮಂಡಿ ನೋವು, ಮೂರು ಮಹಡಿ ಹತ್ತಲು ಆಗುವುದಿಲ್ಲ, ಇನ್ನು ಮೇಲೆ ಬರುವುದು ಕಷ್ಟ, ಬೇಸರ ಮಾಡಿಕೊಳ್ಳಬಾರದು ಅಂತ ಹೇಳು ಅಂದಿದ್ದಾಳೆ.

"ಚಿತ್ರ ನಾನೇ ತಂದುಕೊಡ್ಲಾ?" ಎಂದು ಸ್ಲಾವ್ಕಾ ಕೇಳಿದಳು.

ಬೇಡವಂತೆ.

ನಾವು ಪೊಟಿಟ್ಸಾ ಕುಯ್ದು ಒಂದೊಂದು ತುಂಡು ತಿಂದೆವು. ಆಕ್ರೋಟು ಸ್ವಲ್ಪ ಕಹಿಯಾಗಿತ್ತು, ಆದರೂ ನಾನು ಎರಡನೇ ತುಂಡು ಹಾಕಿಸಿಕೊಂಡೆ. ಉಳಿದದ್ದನ್ನು ನನ್ನ ಮನೆಯವರಿಗೆಂದು ಕಟ್ಟಿಕೊಟ್ಟಳು. ಆಮೇಲೆ ಕೈ ತೊಳೆದು, ಕನ್ನಡಕ ಹಾಕಿಕೊಂಡು, ರಾದೋವ್ಲಿತ್ಸಾ ಊರಿನ ಯಾರದೋ ತಾಯಿ ಆಲೂಗಡ್ಡೆ ಸಾಲಿನ ಮೇಲೆ ಬಗ್ಗಿದ್ದ ಚಿತ್ರದ ಹಲಗೆಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡಳು. ಅದು ಶುಕ್ರವಾರಕ್ಕೆ ಬೇಕಾಗಿತ್ತು.